ಮುಹಮ್ಮದ್ ಅಲಿ ಸೇನೆ ಸೇರಲು ನಿರಾಕರಿಸಿದ್ದು ಸರಿಯೇ? ನಿರ್ಣಯಕ್ಕೆ ಬರುವ ಬಗೆ

ಅಮೆರಿಕದ ಬಾಕ್ಸಿಂಗ್ ಚಾಂಪಿಯನ್ ಮುಹಮ್ಮದ್ ಅಲಿ 1967ರಲ್ಲಿ, ವಿಯೆಟ್ನಾಂ ಯುದ್ಧದ ಹೊತ್ತಿನಲ್ಲಿ, ಸೇನೆ ಸೇರಲು ನಿರಾಕರಿಸಿ ಶಿಕ್ಷೆಗೆ ಗುರಿಯಾದರು. ಚರ್ಚಾಸ್ಪರ್ಧೆಯಲ್ಲಾಗಲಿ ಪ್ರಬಂಧದಲ್ಲಾಗಲಿ ಈ ವಿಷಯ ಬಂದಾಗ ಹಲವರು, 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅಲಿಯವರ ಪರವಾಗಿ ತೀರ್ಪು ಕೊಟ್ಟಿತೆಂದು ಹೇಳಿ ಮಾತು ಮುಗಿಸಿಬಿಡುತ್ತಾರೆ. ಆ ತೀರ್ಪಿನಿಂದ ಪ್ರಶ್ನೆ ಬಗೆಹರಿಯುವುದಿಲ್ಲ. ಕಾನೂನಿನ ಪ್ರಕಾರ ಅವರಿಗೆ ಶಿಕ್ಷೆಯಾಗಬೇಕಿತ್ತೇ, ಅವರ ನಂಬಿಕೆ ಪ್ರಾಮಾಣಿಕವಾಗಿತ್ತೇ, ಅವರು ಮಾಡಿದ್ದು ನ್ಯಾಯವೇ ಎಂಬ ಮೂರು ಪ್ರಶ್ನೆಗಳು ಇಲ್ಲಿ ಹೆಣೆದುಕೊಂಡಿವೆ. ಇವನ್ನು ಬಿಡಿಸಿಕೊಂಡು, ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಅಂಟಿಸದೆ ಮುಂದುವರಿಯುವುದು ಮೊದಲ ಕೆಲಸ.

ಭಾರತದ ಸೇನೆಗೆ ಸೇರುವುದು ಸ್ವಇಚ್ಛೆಯ ವಿಷಯವಾದ್ದರಿಂದ, ಅಂದಿನ ಅಮೆರಿಕದ ವ್ಯವಸ್ಥೆಯನ್ನು ಓದುಗರಿಗೆ ಎರಡು ಮಾತಿನಲ್ಲಾದರೂ ವಿವರಿಸಬೇಕು. ಅಲ್ಲಿ ಯುವಕರಿಗೆ ಸೇನಾ ಸೇವೆ ಕಡ್ಡಾಯವಾಗಿತ್ತು. ಸ್ಥಳೀಯ ಮಂಡಳಿಗಳು ಒಬ್ಬೊಬ್ಬರನ್ನೂ ಒಂದೊಂದು ವರ್ಗಕ್ಕೆ ಹಾಕುತ್ತಿದ್ದವು. 1964ರಲ್ಲಿ ಸೇನೆಯ ಲಿಖಿತ ಪರೀಕ್ಷೆಯಲ್ಲಿ ಅಲಿ ತೇರ್ಗಡೆಯಾಗಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೆಚ್ಚು ಜನ ಬೇಕಾದಾಗ ಅರ್ಹತೆಯ ಮಟ್ಟವನ್ನು ಇಳಿಸಲಾಯಿತು. 1966ರ ಆರಂಭದಲ್ಲಿ ಅವರು ಸೇನೆಗೆ ಯೋಗ್ಯರೆಂದು ಘೋಷಿತರಾದರು. ವಿಯೆಟ್ನಾಂನಲ್ಲಿ ಅಮೆರಿಕದ ವಿರುದ್ಧ ಹೋರಾಡುತ್ತಿದ್ದ ವಿಯೆಟ್ ಕಾಂಗ್‌ನವರೊಂದಿಗೆ ತಮಗೆ ಯಾವ ಜಗಳವೂ ಇಲ್ಲವೆಂಬ ಅವರ ಪ್ರಸಿದ್ಧ ಮಾತು ಆಗಿನದು.

ಕಾನೂನಿನ ಪ್ರಶ್ನೆಯನ್ನು ಬೇಗ ಮುಗಿಸಬಹುದು. ಆತ್ಮಸಾಕ್ಷಿಯ ಆಧಾರದ ಮೇಲೆ ವಿನಾಯಿತಿ ಬೇಡುವವನು ಎಲ್ಲ ಬಗೆಯ ಯುದ್ಧವನ್ನೂ ವಿರೋಧಿಸಬೇಕು, ಆ ವಿರೋಧಕ್ಕೆ ಧಾರ್ಮಿಕ ನೆಲೆಯಿರಬೇಕು, ಅದು ಪ್ರಾಮಾಣಿಕವಾಗಿರಬೇಕು ಎಂಬುದು ನಿಯಮ. ಈ ಮೂರರಲ್ಲಿ ಯಾವುದು ಅಲಿಯವರಲ್ಲಿ ಇರಲಿಲ್ಲ ಎಂಬುದನ್ನು ಹೇಳದೆಯೇ ಮೇಲ್ಮನವಿ ಮಂಡಳಿ ಅವರ ಅರ್ಜಿಯನ್ನು ತಳ್ಳಿಹಾಕಿತ್ತು. ಕೊನೆಯ ಎರಡು ಅಂಶಗಳನ್ನು ಸರ್ಕಾರವೇ ಸುಪ್ರೀಂ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಹಾಗಾಗಿ ಮಂಡಳಿಯ ನಿರ್ಧಾರ ಯಾವ ಆಧಾರದ ಮೇಲೆ ನಿಂತಿದೆಯೆಂದು ತಿಳಿಯಲಾಗದ ಕಾರಣ, 1971ರ ಜೂನ್ 28ರಂದು ಎಂಟು ನ್ಯಾಯಮೂರ್ತಿಗಳೂ ಒಮ್ಮತದಿಂದ ಶಿಕ್ಷೆಯನ್ನು ರದ್ದುಪಡಿಸಿದರು. ಹಿಂದೆ ಸರ್ಕಾರದ ಸಾಲಿಸಿಟರ್ ಜನರಲ್ ಆಗಿದ್ದ ಒಂಬತ್ತನೆಯ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ವಿಚಾರಣೆಯಿಂದ ದೂರ ಉಳಿದಿದ್ದರು. ಇದು ಮಂಡಳಿಯ ಲೋಪವನ್ನು ಹಿಡಿದ ತೀರ್ಪು. ಅಲಿ ಮಾಡಿದ್ದು ಸರಿಯೆಂದು ನ್ಯಾಯಾಲಯ ಹೇಳಲಿಲ್ಲ.

ಎರಡನೆಯ ಪ್ರಶ್ನೆಗೆ ಹೆಚ್ಚು ಸಮಯ ಕೊಡಿ. ಇಲ್ಲಿ ಮಾತಿಗಿಂತ ನಡೆಯನ್ನು ನೋಡಬೇಕು. 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನ ಭರ್ತಿ ಕೇಂದ್ರದಲ್ಲಿ ಯುವಕರನ್ನು ಸಾಲಾಗಿ ನಿಲ್ಲಿಸಿ ಹೆಸರು ಕೂಗಲಾಯಿತು. ಹೆಸರು ಕೇಳಿದವನು ಒಂದು ಹೆಜ್ಜೆ ಮುಂದಿಟ್ಟರೆ ಅಲ್ಲಿಗೆ ಅವನು ಸೈನಿಕನಾದಂತೆ. ಅಲಿಯವರು ಬಿಟ್ಟುಕೊಟ್ಟಿದ್ದ ಹಳೆಯ ಹೆಸರು ಕ್ಯಾಸಿಯಸ್ ಕ್ಲೇಯನ್ನು ಕೂಗಿದಾಗ ಅವರು ನಿಂತಲ್ಲೇ ನಿಂತರು. ಅಧಿಕಾರಿಯೊಬ್ಬರು ಅವರನ್ನು ಪಕ್ಕಕ್ಕೆ ಕರೆದೊಯ್ದು, ಐದು ವರ್ಷ ಸೆರೆವಾಸ, ಹತ್ತು ಸಾವಿರ ಡಾಲರ್ ದಂಡ ಆಗಬಹುದೆಂದು ಎಚ್ಚರಿಸಿ, ಮರಳಿ ಕರೆತಂದು ಮತ್ತೆ ಕೂಗಿಸಿದರು. ಅವರು ಆಗಲೂ ಕದಲಲಿಲ್ಲ. ನ್ಯೂಯಾರ್ಕ್ ರಾಜ್ಯದ ಕ್ರೀಡಾ ಆಯೋಗ ಅಂದೇ ಅವರ ಪರವಾನಗಿಯನ್ನು ಅಮಾನತುಗೊಳಿಸಿತು. ಹೆವಿವೇಟ್ ಪಟ್ಟವೂ ಹೋಯಿತು. ಜೂನ್ 20ರಂದು ಜ್ಯೂರಿ ಅವರನ್ನು ಅಪರಾಧಿಯೆಂದು ಘೋಷಿಸಿದಾಗ ಗರಿಷ್ಠ ಶಿಕ್ಷೆಯೇ ಬಿತ್ತು. ಜಾಮೀನಿನ ಮೇಲೆ ಹೊರಗಿದ್ದರೂ, ಪಾಸ್‌ಪೋರ್ಟ್ ಇಲ್ಲದ ಕಾರಣ ಹೊರದೇಶದಲ್ಲಿಯೂ ಆಡುವಂತಿರಲಿಲ್ಲ. ಇಪ್ಪತ್ತೈದರಿಂದ ಇಪ್ಪತ್ತೆಂಟರವರೆಗಿನ, ಬಾಕ್ಸರ್ ಒಬ್ಬನ ಪಾಲಿಗೆ ಬೆಲೆ ಕಟ್ಟಲಾಗದ ವರ್ಷಗಳು ಹಾಗೆಯೇ ಕಳೆದವು.

ಹೇಡಿತನದ ಆರೋಪವನ್ನು ಈ ವಿವರಗಳ ಎದುರು ಇಟ್ಟು ನೋಡಿ. ಎರಡನೆಯ ಮಹಾಯುದ್ಧದಲ್ಲಿ ಆಗಿನ ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್ ಸೈನಿಕರ ಮುಂದೆ ಪ್ರದರ್ಶನ ಪಂದ್ಯಗಳನ್ನು ಆಡಿಯೇ ಸೇವೆ ಸಲ್ಲಿಸಿದ್ದರು. ಚಾಂಪಿಯನ್ ಆಗಿದ್ದ ಅಲಿಯವರಿಗೂ ಅಂಥದ್ದೇ ಸುರಕ್ಷಿತ ಕೆಲಸ ಸಿಗುವ ಸಂಭವ ಹೆಚ್ಚಿತ್ತು. ಹಾಗಿರುವಾಗ ಜೀವಭಯದಿಂದ ಜೈಲಿನ ದಾರಿ ಹಿಡಿದರೆಂಬ ವಾದ ನಿಲ್ಲುವುದಿಲ್ಲ. ಆದರೆ ಕರೆ ಬರುವ ಹೊತ್ತಿಗೇ ಈ ನಂಬಿಕೆ ಹುಟ್ಟಿಕೊಂಡಿತಲ್ಲ ಎಂಬ ನ್ಯಾಯಾಂಗ ಇಲಾಖೆಯ ಆಕ್ಷೇಪವನ್ನು ಮುಚ್ಚಿಡಬಾರದು. ಅದಕ್ಕೆ ಎರಡು ಉತ್ತರಗಳಿವೆ. ಅಲಿಯವರನ್ನು ಸ್ವತಃ ವಿಚಾರಿಸಿದ ಕೆಂಟಕಿಯ ನಿವೃತ್ತ ನ್ಯಾಯಾಧೀಶರು ಅವರ ನಂಬಿಕೆ ಪ್ರಾಮಾಣಿಕವೆಂದು ವರದಿ ಕೊಟ್ಟಿದ್ದರು. ಇಲಾಖೆ ಅದಕ್ಕೆ ವಿರುದ್ಧವಾಗಿ ಸಲಹೆ ನೀಡಿತು. ಅಲ್ಲದೆ ಅಲಿಯವರ ಗುರು, ನೇಷನ್ ಆಫ್ ಇಸ್ಲಾಂ ಎಂಬ ಕಪ್ಪು ಮುಸ್ಲಿಮರ ಸಂಘಟನೆಯ ನಾಯಕ ಎಲಿಜಾ ಮುಹಮ್ಮದ್ ಇಂಥದ್ದೇ ನಿರಾಕರಣೆಗಾಗಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೆರೆವಾಸ ಅನುಭವಿಸಿದ್ದರು.

ಮೂರನೆಯ ಪ್ರಶ್ನೆಗೆ ಹೋಗುವಾಗ ಎದುರು ಪಕ್ಷದ ಬಲವಾದ ವಾದವನ್ನೇ ಎತ್ತಿಕೊಳ್ಳಿ. ಅಲ್ಲಾಹನು ಘೋಷಿಸಿದ ಯುದ್ಧವಾದರೆ ಭಾಗವಹಿಸಬಹುದು ಎಂಬರ್ಥದ ಮಾತನ್ನು ಅಲಿ ಆಡಿದ್ದರು. ಹಾಗಾದರೆ ಅವರು ಯುದ್ಧವಿರೋಧಿಯೇ ಅಲ್ಲ, ತಮಗೆ ಬೇಕಾದ ಯುದ್ಧವನ್ನು ಆರಿಸಿಕೊಳ್ಳುವವರು ಎಂದು ವಾದಿಸಬಹುದು. ಒಂದು ನಿರ್ದಿಷ್ಟ ಯುದ್ಧಕ್ಕಷ್ಟೇ ಇರುವ ವಿರೋಧಕ್ಕೆ ವಿನಾಯಿತಿಯಿಲ್ಲವೆಂದು ಅದೇ ಸುಪ್ರೀಂ ಕೋರ್ಟ್ ಅದೇ 1971ರಲ್ಲಿ ಇನ್ನೊಂದು ಪ್ರಕರಣದಲ್ಲಿ ಹೇಳಿತ್ತು ಕೂಡ. ಈ ವಾದ ಕಾನೂನಿನ ದೃಷ್ಟಿಯಿಂದ ಗಟ್ಟಿ. ನೀತಿಯ ದೃಷ್ಟಿಯಿಂದ ಅಷ್ಟು ಗಟ್ಟಿಯಲ್ಲವೆಂದು ನನ್ನ ಅಭಿಪ್ರಾಯ. ಅನ್ಯಾಯವೆಂದು ಕಂಡ ಯುದ್ಧವನ್ನು ಮಾತ್ರ ಒಲ್ಲೆನೆನ್ನುವವನು, ಎಲ್ಲ ಯುದ್ಧಗಳನ್ನೂ ಒಂದೇ ಸಾಲಿಗೆ ಸೇರಿಸುವವನಿಗಿಂತ ಕಡಿಮೆ ಯೋಚಿಸಿದವನೇನಲ್ಲ.

ಸ್ವತಃ ಸೇನೆಯಲ್ಲಿದ್ದ, ಬೇಸ್‌ಬಾಲ್‌ನ ವರ್ಣಭೇದದ ಗೋಡೆಯನ್ನು ಒಡೆದ ಜ್ಯಾಕಿ ರಾಬಿನ್ಸನ್, ಅಲಿಯವರ ನಡೆಯಿಂದ ವಿಯೆಟ್ನಾಂನಲ್ಲಿರುವ ಕಪ್ಪು ಸೈನಿಕರ ಮನೋಬಲ ಕುಗ್ಗುತ್ತದೆಂದು ಆಕ್ಷೇಪಿಸಿದ್ದರು. ಇದರ ಜೊತೆಗೇ ಬರುವ ಇನ್ನೊಂದು ಮಾತು, ಸಂಖ್ಯೆ ತುಂಬಲೇಬೇಕಾದ ವ್ಯವಸ್ಥೆಯಲ್ಲಿ ಒಬ್ಬ ಹಿಂದೆ ಸರಿದರೆ ಇನ್ನೊಬ್ಬನ ಮಗ ಹೋಗಬೇಕಾಗುತ್ತದೆ ಎಂಬುದು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಇದೇ. ಇದನ್ನು ತೂಗುವಾಗ, ಆ ದಿನಗಳಲ್ಲಿ ಕಾಲೇಜಿಗೆ ಸೇರಿದ ವಿದ್ಯಾರ್ಥಿಗಳಿಗೆ ಕಾನೂನುಬದ್ಧವಾಗಿಯೇ ಸೇವೆ ಮುಂದೂಡಿಕೆ ಸಿಗುತ್ತಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅವರ ಜಾಗಕ್ಕೂ ಬೇರೆ ಯಾರೋ ಹೋದರು. ಅವರು ಯಾವ ಕಟಕಟೆಯಲ್ಲೂ ನಿಲ್ಲಬೇಕಾಗಲಿಲ್ಲ. ಅಲಿಯವರಾದರೋ ದೇಶ ಬಿಟ್ಟು ಓಡದೆ, ಬಹಿರಂಗವಾಗಿ ಒಲ್ಲೆನೆಂದು, ಅದರ ಪರಿಣಾಮವನ್ನು ನ್ಯಾಯಾಲಯದಲ್ಲಿ ನಿಂತು ಎದುರಿಸಿದರು. ಈ ಕಾರಣಕ್ಕೆ ನಾನು ಅವರ ನಿರಾಕರಣೆ ನ್ಯಾಯವೆಂದು ಎಣಿಸುತ್ತೇನೆ. ಅಲ್ಲವೆನ್ನುವವರು ಆ ವಿದ್ಯಾರ್ಥಿಗಳ ಬಗ್ಗೆಯೂ ಅದೇ ತೀರ್ಮಾನ ಕೊಡಬೇಕಾಗುತ್ತದೆ.