ಎರಡೂ ಹೊಲದಲ್ಲಿ ಸರಾಸರಿ ಎರಡೇ ನುಸಿ

ಕುಂದಗೋಳ ತಾಲ್ಲೂಕಿನಲ್ಲಿ ನಮ್ಮ ಕಾಕಾ ಅವರದು ಎರಡು ಹೊಲ. ಎರಡೂ ಎರೆ ಭೂಮಿ, ಎರಡರಲ್ಲೂ ಬ್ಯಾಡಗಿ ಮೆಣಸಿನಕಾಯಿ. ಹಳ್ಳದ ಹೊಲದಲ್ಲಿ ಬರೀ ಮೆಣಸಿನ ಗಿಡ. ದಾರಿ ಹೊಲದಲ್ಲಿ ನಮ್ಮ ಕಡೆಯ ಹಳೆ ಪದ್ಧತಿಯಂತೆ ಮೆಣಸಿನ ಜೊತೆ ಉಳ್ಳಾಗಡ್ಡಿ, ಹತ್ತಿ. ಮಳೆ ಬಿಡುವು ಕೊಟ್ಟಿತ್ತು. ಕುಡಿ ಎಲೆಗಳು ಮೇಲಕ್ಕೆ ಮುದುಡತೊಡಗಿದವು. ಕೆಳಕ್ಕೆ ಮುದುಡಿದರೆ ಮೈಟ್ ನುಸಿ, ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ನುಸಿ. ಹಾಗಾಗಿ ಥ್ರಿಪ್ಸ್ ಅಂತ ಗೊತ್ತಾಯಿತು.

"ಎರಡೂ ಹೊಲಕ್ಕ ಎಣ್ಣಿ ಹೊಡಿಬೇಕೇನ್ ತಮ್ಮಾ? ನೀ ಲೆಕ್ಕ ಕಲತಾವ, ಎಣಿಸಿ ಹೇಳು" ಅಂದರು ಕಾಕಾ. ನಮ್ಮ ಕಡೆ ಎಣ್ಣಿ ಅಂದರೆ ಕೀಟನಾಶಕ. ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಎಣಿಸಲು ಹೊರಟೆ.

ಬಿಳಿ ಹಾಳೆ ಹಿಡಿದು ಅದರ ಮೇಲೆ ಕುಡಿಯನ್ನು ಮೂರು ಸಲ ತಟ್ಟುವುದು, ಬಿದ್ದ ನುಸಿಗಳನ್ನು ಭೂತಗನ್ನಡಿಯಲ್ಲಿ ಎಣಿಸುವುದು, ಇಷ್ಟೇ ಕೆಲಸ. ಮೊದಲ ದಿನ ಒಂದು ತಪ್ಪು ಮಾಡಿದೆ. ಒಂದೊಂದು ಗಿಡದಲ್ಲಿ ಮೂರು ಕುಡಿ ತಟ್ಟಿ, ಮೂರನ್ನೂ ಬೇರೆ ಬೇರೆ ಲೆಕ್ಕವಾಗಿ ಬರೆದುಕೊಂಡೆ. 60 ಗಿಡಕ್ಕೆ 180 ಲೆಕ್ಕ ಸಿಕ್ಕಿತು ಅಂತ ಖುಷಿಪಟ್ಟೆ. ಆದರೆ ಒಂದು ಕುಡಿಯಲ್ಲಿ ನುಸಿ ಇದ್ದರೆ ಅದೇ ಗಿಡದ ಪಕ್ಕದ ಕುಡಿಯಲ್ಲೂ ಇರುತ್ತದೆ ಅಲ್ವಾ? ಅವು ಮೂರು ಸ್ವತಂತ್ರ ಲೆಕ್ಕಗಳಲ್ಲ. ಹಾಗೇ ಮುಂದುವರಿದರೆ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ. ಆ ಹಾಳೆ ಬಿಟ್ಟು ಮರುದಿನ ಮತ್ತೆ ಶುರು ಮಾಡಿದೆ: ಒಂದು ಗಿಡಕ್ಕೆ ಒಂದೇ ಕುಡಿ, 20 ಹೆಜ್ಜೆಗೊಂದು ಗಿಡ, ಹೊಲದ ತುಂಬ ಅಡ್ಡಾದಿಡ್ಡಿ ನಡೆದು ಒಂದೊಂದರಲ್ಲೂ 60 ಗಿಡ.

ಸಂಜೆ ಕೂಡಿಸಿದೆ. ಹಳ್ಳದ ಹೊಲದಲ್ಲಿ ಒಟ್ಟು 120 ನುಸಿ. ದಾರಿ ಹೊಲದಲ್ಲೂ 120. ಎರಡರ ಸರಾಸರಿಯೂ ಗಿಡಕ್ಕೆ 2. ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್ ಇಲ್ಲಿ ಏನೂ ಹೇಳುವುದಿಲ್ಲ, ಯಾಕೆಂದರೆ ವ್ಯತ್ಯಾಸ ಸೊನ್ನೆ. ಆದರೆ ನನ್ನ ಕೈ ನೆನಪು ಬೇರೆಯೇ ಹೇಳುತ್ತಿತ್ತು. ದಾರಿ ಹೊಲದಲ್ಲಿ ಎಷ್ಟೋ ಸಲ ಹಾಳೆ ಖಾಲಿ ಇತ್ತು, ಕೆಲವು ಸಲ ಎಣಿಸಿ ಸಾಕಾಗಿತ್ತು.

ಅದಕ್ಕೆ ಎಷ್ಟು ನುಸಿ ಇರುವ ಗಿಡ ಎಷ್ಟಿವೆ ಅಂತ ಬರೆದೆ. ಹಳ್ಳದ ಹೊಲದಲ್ಲಿ ಒಂದೂ ಇಲ್ಲದ ಗಿಡ 8, ಒಂದು ಇರುವವು 16, ಎರಡು ಇರುವವು 16, ಮೂರು ಇರುವವು 12, ನಾಲ್ಕು ಅಥವಾ ಜಾಸ್ತಿ ಇರುವವು 8. ದಾರಿ ಹೊಲದಲ್ಲಿ ಇದೇ ಕ್ರಮದಲ್ಲಿ 28, 9, 5, 4, 14. ಗ್ರಾಫ್ ಹಾಳೆಯಲ್ಲಿ ಅಕ್ಕಪಕ್ಕ ಕಂಬ ಎಳೆದಾಗ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸಿತು. ಹಳ್ಳದ ಹೊಲದ ಗರಿಷ್ಠ 6, ದಾರಿ ಹೊಲದ್ದು 10.

ವೇರಿಯನ್ಸ್ ತೆಗೆದೆ, ಅಂದರೆ ಲೆಕ್ಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ. ಹಳ್ಳದ ಹೊಲದ್ದು 1.93, ಹೆಚ್ಚುಕಡಿಮೆ ಸರಾಸರಿಯಷ್ಟೇ. ನುಸಿಗಳು ಒಂದಕ್ಕೊಂದು ಸಂಬಂಧವಿಲ್ಲದೆ, ಎಲ್ಲಾ ಗಿಡಕ್ಕೂ ಒಂದೇ ಅವಕಾಶದಲ್ಲಿ ಬಂದು ಕೂತರೆ ಲೆಕ್ಕ ಹೀಗೇ ಬರುತ್ತದೆ. ಅದು ಪಾಯ್ಸಾನ್ ಹಂಚಿಕೆ. ಅದರಲ್ಲಿ ಸರಾಸರಿ, ವೇರಿಯನ್ಸ್ ಎರಡೂ ಸಮ. ಸರಾಸರಿ 2 ಇದ್ದಾಗ 60ರಲ್ಲಿ ಖಾಲಿ ಗಿಡ ಸುಮಾರು 8 ಇರಬೇಕು, ನನಗೂ 8 ಸಿಕ್ಕಿತ್ತು! ದಾರಿ ಹೊಲದ ವೇರಿಯನ್ಸ್ 7.42. ಅಂದರೆ ಅಲ್ಲಿ ನುಸಿ ಗುಂಪುಗುಂಪಾಗಿದೆ.

ಇದು ಸುಮ್ನೆ ಆಕಸ್ಮಿಕವೋ ಅಂತ ನೋಡಲು ಕೈ-ಸ್ಕ್ವೇರ್ ಪರೀಕ್ಷೆ ಹಾಕಿದೆ. 1900ರಲ್ಲಿ ಕಾರ್ಲ್ ಪಿಯರ್ಸನ್ ಕೊಟ್ಟ ವಿಧಾನ, ಪೆನ್ಸಿಲ್ ಸಾಕು. ಎರಡು ಹೊಲ ಒಂದೇ ರೀತಿ ಇದ್ದಿದ್ದರೆ, ಎರಡರಲ್ಲೂ 60 ಗಿಡ ಇರುವುದರಿಂದ, ಪ್ರತಿ ಗುಂಪೂ ಅರ್ಧರ್ಧ ಹಂಚಿಕೆಯಾಗಬೇಕು. ಖಾಲಿ ಗಿಡ ಒಟ್ಟು 36, ತಲಾ 18 ನಿರೀಕ್ಷೆ. ಸಿಕ್ಕಿದ್ದು 8 ಮತ್ತು 28. ನಿರೀಕ್ಷೆಯಿಂದ ಎಷ್ಟು ದೂರವೋ ಅದರ ವರ್ಗವನ್ನು ನಿರೀಕ್ಷೆಯಿಂದ ಭಾಗಿಸಿ, ಎಲ್ಲವನ್ನೂ ಕೂಡಿಸುವುದು. ನಾಲ್ಕು ಮತ್ತು ಅದರ ಮೇಲಿನವನ್ನು ಒಂದೇ ಗುಂಪು ಮಾಡಿದ್ದು ಇದಕ್ಕೇ. ಐದು ನುಸಿಯ ಗಿಡ ಎರಡೂ ಹೊಲದಲ್ಲಿ ತಲಾ 2 ಮಾತ್ರ. ನಿರೀಕ್ಷೆ 5ಕ್ಕಿಂತ ಕಡಿಮೆ ಇದ್ದರೆ ಉತ್ತರವನ್ನು ನಂಬುವುದು ಕಷ್ಟ. ಹಂಚಿಕೆಗಳನ್ನು ಹೋಲಿಸುವ ಇನ್ನೊಂದು ವಿಧಾನವಾದ ಕೋಲ್ಮೊಗೊರೊವ್-ಸ್ಮಿರ್ನೊವ್ ಪರೀಕ್ಷೆಯನ್ನು ಬೇಕಂತಲೇ ಬಿಟ್ಟೆ. ಅದು ತೂಕ, ಎತ್ತರದಂಥ ಅಳತೆಗೆ ಹುಟ್ಟಿದ್ದು. 0, 1, 2 ಅಂತ ಒಂದೇ ಸಂಖ್ಯೆ ಹತ್ತಾರು ಸಲ ಬಂದರೆ ಇರುವ ವ್ಯತ್ಯಾಸವನ್ನೂ ಅದು ಹಿಡಿಯದೆ ಬಿಡಬಹುದು.

ಮೊತ್ತ 24.47 ಬಂತು. ಐದು ಗುಂಪು, ಎರಡು ಹೊಲ, ಹಾಗಾಗಿ ಡಿಗ್ರೀಸ್ ಆಫ್ ಫ್ರೀಡಂ, ಅಂದರೆ ಸ್ವತಂತ್ರವಾಗಿ ಬದಲಾಗಬಲ್ಲ ಲೆಕ್ಕಗಳು, (5-1)×(2-1) = 4. ಶೇಕಡಾ 5ರ ಮಟ್ಟದಲ್ಲಿ ಕೋಷ್ಟಕದ ಗಡಿ 9.49, ಅಂದರೆ ಹೊಲಗಳು ಒಂದೇ ರೀತಿ ಇದ್ದರೆ ಮೊತ್ತ ಇದನ್ನು ದಾಟುವುದು ನೂರಕ್ಕೆ ಸುಮಾರು ಐದು ಸಲ ಮಾತ್ರ. ಆಕಸ್ಮಿಕ ಅಲ್ಲ. 24.47ರಲ್ಲಿ 11.11 ಬಂದದ್ದು ಖಾಲಿ ಗಿಡಗಳ ಗುಂಪೊಂದರಿಂದಲೇ. ಎಲ್ಲಿ ಬೇರೆ ಅನ್ನುವುದು ಹೀಗೆ ಬಿಡಿಸಿ ನೋಡಿದಾಗ ಮಾತ್ರ ಕಾಣುತ್ತದೆ. ಬರೀ ಮೊತ್ತ ನೋಡಿ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ.

ಉಳ್ಳಾಗಡ್ಡಿ ಹಾಕಿದ್ದಕ್ಕೇ ಹೀಗಾಯಿತಾ ಅಂತ ಕಾಕಾ ಕೇಳಿದರು. ಹಾಗೆ ಹೇಳಲು ಬರುವುದಿಲ್ಲ ಅಂದೆ. ಮಿಶ್ರ ಬೆಳೆಯದು ಒಂದೇ ಹೊಲ, ಬರೀ ಮೆಣಸಿನದೂ ಒಂದೇ. ಬೆಳೆಯ ಜೊತೆ ಹೊಲದ ಬೇರೆ ಗುಣಗಳೂ ಬೆರೆತಿರುತ್ತವೆ.

ಎಣಿಸುವಾಗ ಪ್ರತಿ ಗಿಡದ ಜಾಗವನ್ನೂ ಗುರುತು ಹಾಕಿಕೊಂಡಿದ್ದೆ. ದಾರಿ ಹೊಲದಲ್ಲಿ ನಾಲ್ಕು ಅಥವಾ ಜಾಸ್ತಿ ನುಸಿ ಇದ್ದ 14 ಗಿಡಗಳನ್ನು ಹುಡುಕಿದಾಗ 12 ಮೂಡಣ ಬದುವಿನ ಪಕ್ಕದಲ್ಲೇ ಇದ್ದವು. ಕಾಕಾ ಆ ಸಾಲುಗಳಿಗಷ್ಟೇ ಎಣ್ಣೆ ಹೊಡೆದರು. ಹಳ್ಳದ ಹೊಲಕ್ಕೆ ಹೊಡೆಯದೆ ನಾಲ್ಕು ದಿನ ಬಿಟ್ಟು ಮತ್ತೆ ಎಣಿಸೋಣ ಅಂದೆವು. ಈ ಸಲ ಭೂತಗನ್ನಡಿ ಕಾಕಾ ಅವರ ಕೈಯಲ್ಲಿತ್ತು.