ಟಿಎಸ್‌ಎಚ್ ಜಾಸ್ತಿ ಬಂದರೆ ಥೈರಾಯ್ಡ್ ಕಡಿಮೆ: ಲ್ಯಾಬ್‌ನಲ್ಲಿ ನಾನು ತಿಳಿಸಿ ಹೇಳುವ ರೀತಿ

ವಿಜಯಪುರದ ಗಾಂಧಿ ಚೌಕದ ಹತ್ತಿರ ಒಂದು ಸಣ್ಣ ಲ್ಯಾಬ್‌ನಲ್ಲಿ ನಾನು ಟೆಕ್ನಿಷಿಯನ್. ರಕ್ತ ತೆಗೆಯುವುದು, ಮಶೀನಿಗೆ ಹಾಕುವುದು, ರಿಪೋರ್ಟ್ ಕೊಡುವುದು ನನ್ನ ಕೆಲಸ. ಔಷಧ ಹೇಳುವುದು ಡಾಕ್ಟರ ಕೆಲಸ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ರಿಪೋರ್ಟ್ ಕೈಗೆ ಬಂದ ಕೂಡಲೇ ಜನ ಮೊದಲು ಕೇಳುವುದು ನನ್ನನ್ನೇ ಅಲ್ವಾ. ಥೈರಾಯ್ಡ್ ವಿಷಯದಲ್ಲಂತೂ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಕ್ಕಾರ, ಜಾಸ್ತಿ ಅಂತ ಬಂದೈತಿ. ಜಾಸ್ತಿ ಇದ್ರ ಮತ್ತ ಯಾಕ ಥೈರಾಯ್ಡ್ ಗುಳಿಗಿ ಕೊಟ್ಟಾರ?"

ಇದು ಬಹಳ ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಸಿಗದೆ ಗುಳಿಗೆ ಬಿಟ್ಟವರನ್ನು ನೋಡಿದ್ದೇನೆ. ಅದಕ್ಕೇ ಸಾಲು ಎಷ್ಟೇ ಇರಲಿ, ಇದನ್ನು ನಿಂತು ಹೇಳುತ್ತೇನೆ.

ರಿಪೋರ್ಟ್‌ನಲ್ಲಿ ಜಾಸ್ತಿ ಅಂತ ಬರುವ ಟಿಎಸ್‌ಎಚ್ ಥೈರಾಯ್ಡ್‌ನಲ್ಲಿ ಹುಟ್ಟುವ ಹಾರ್ಮೋನ್ ಅಲ್ಲ. ಅದು ಬರುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಅನ್ನುವ ಪುಟ್ಟ ಗ್ರಂಥಿಯಿಂದ. ರಕ್ತದಲ್ಲಿ ಸೇರಿ ಕುತ್ತಿಗೆಯ ಥೈರಾಯ್ಡ್‌ಗೆ ತಲುಪಿ, ಅದನ್ನು ಕೆಲಸಕ್ಕೆ ಹಚ್ಚುತ್ತದೆ. ಆಗ ಥೈರಾಯ್ಡ್ ಹೆಚ್ಚಾಗಿ ಟಿ4, ಸ್ವಲ್ಪ ಟಿ3 ತಯಾರಿಸುತ್ತದೆ. ಟಿ4ನಲ್ಲಿ ಅಯೋಡಿನ್‌ನ 4 ಪರಮಾಣುಗಳಿವೆ. ಲಿವರ್, ಕಿಡ್ನಿಯಂಥ ಕಡೆ ಅದರಲ್ಲಿ ಒಂದು ಕಳಚಿದರೆ ಅದೇ ಟಿ3. ಎದೆಬಡಿತ, ಮೈ ಬಿಸಿ, ಹೊಟ್ಟೆ ಸಾಫ್ ಆಗುವುದು, ಮುಟ್ಟು, ಎಲ್ಲದರ ಮೇಲೂ ಈ ಟಿ3 ಕೈ ಇರುತ್ತದೆ. ರಕ್ತದಲ್ಲಿ ಇವು ಸಾಕಷ್ಟಿದ್ದರೆ ಪಿಟ್ಯುಟರಿ ಟಿಎಸ್‌ಎಚ್ ತಗ್ಗಿಸುತ್ತದೆ, ಕಡಿಮೆಯಾದರೆ ಏರಿಸುತ್ತದೆ.

ಇಂಡಿ ಕಡೆಯ ನಿಂಬೆ ತೋಟದ ಕಾಕಾ ಒಬ್ಬರು ಹೆಂಡತಿಯ ರಿಪೋರ್ಟ್ ಹಿಡಿದು ಇದೇ ಪ್ರಶ್ನೆ ಕೇಳಿದ್ದರು. "ಕಾಕಾ, ನೀವು ತೋಟದ ಆ ತುದಿಗೆ ನಿಂತೀರಿ, ಮಗ ಮೋಟಾರ್ ಹತ್ರ ಅದಾನ. ನೀರು ಬರಲಿಲ್ಲಂದ್ರ ಏನ್ ಮಾಡ್ತೀರಿ?" ಅಂದೆ.

"ಒದರ್ತೀನಿ."

"ಆದ್ರೂ ಬರಲಿಲ್ಲಂದ್ರ?"

"ಇನ್ನೂ ಜೋರ ಒದರ್ತೀನಿ."

"ಆ ಒದರೂದ ಟಿಎಸ್‌ಎಚ್ ರೀ. ನೀರು ಟಿ4."

ಕಾಕಾ ಅಲ್ಲೇ ಹೆಂಡತಿ ಕಡೆ ತಿರುಗಿ, ನೀರು ಕಡಿಮಿ ಆಗೇತಿ, ಅದಕ್ಕ ಗುಳಿಗಿ ಅಂತ ನನಗಿಂತ ಚೆನ್ನಾಗಿ ಹೇಳಿದರು. ಆಮೇಲಿಂದ ಯಾರು ಕೇಳಿದರೂ ಹೀಗೇ ಹೇಳುತ್ತೇನೆ.

ಇನ್ನೊಂದು ವಿಷಯ. ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ಎರಡು ಪಟ್ಟಲ್ಲ, ಸುಮಾರು 100 ಪಟ್ಟು ಏರಬಹುದು. ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸಿನಲ್ಲಿ ಇರಬೇಕಾದದ್ದು ಕೆಲವರಲ್ಲಿ 60, 80 ಬರುವುದು ಅದಕ್ಕೇ. ಅಂಕಿ ನೋಡಿ ಹೆದರಿ ಅಳುವವರಿಗೆ ಇದನ್ನು ಹೇಳಲೇಬೇಕು. ಮುಟ್ಟು ನಿಂತ ಹೆಂಗಸರಲ್ಲಿ ಎಫ್‌ಎಸ್‌ಎಚ್ (ಅಂಡಾಶಯಕ್ಕೆ ಪಿಟ್ಯುಟರಿ ಕಳಿಸುವ ಹಾರ್ಮೋನ್) ಏರುವುದೂ ಇದೇ ಲೆಕ್ಕ. ಅಂಡಾಶಯ ಸುಮ್ಮನಾದಷ್ಟೂ ಪಿಟ್ಯುಟರಿ ಜೋರು ಮಾಡುತ್ತದೆ. ಇನ್ಸುಲಿನ್ ಮಾತ್ರ ಈ ಸಾಲಿಗೆ ಬರುವುದಿಲ್ಲ. ಮೇದೋಜೀರಕ ಗ್ರಂಥಿ ಯಾರ ಅಪ್ಪಣೆಗೂ ಕಾಯದೆ, ರಕ್ತದ ಸಕ್ಕರೆ ನೋಡಿಕೊಂಡು ತಾನೇ ಬಿಡುತ್ತದೆ.

ಇನ್ನು ರಕ್ತ ಕೊಡುವ ವಿಚಾರ. ಸಿಂದಗಿ, ತಾಳಿಕೋಟೆ ಕಡೆಯಿಂದ ಮೊದಲ ಬಸ್ ಹಿಡಿದು ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ, ಪಾಪ. ಬರೀ ಥೈರಾಯ್ಡ್ ಟೆಸ್ಟ್ ಆದರೆ ಉಪವಾಸ ಬೇಕಿಲ್ಲ. ಆದರೆ ಆ ದಿನದ ಥೈರಾಕ್ಸಿನ್ (ಅಂದರೆ ಟಿ4) ಗುಳಿಗೆಯನ್ನು ರಕ್ತ ಕೊಟ್ಟ ಮೇಲೆ ತಗೊಳ್ಳಿ ಅನ್ನುತ್ತೇನೆ, ಯಾಕೆಂದರೆ ನುಂಗಿದ ಮೇಲೆ ಕೆಲವು ತಾಸು ರಕ್ತದಲ್ಲಿ ಟಿ4 ಏರಿರುತ್ತದೆ. ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಹಾಗಾಗಿ ಒಮ್ಮೆ ಬೆಳಿಗ್ಗೆ ಕೊಟ್ಟವರು ಮುಂದಿನ ಸಲವೂ ಬೆಳಿಗ್ಗೆಯೇ ಬಂದರೆ ಹೋಲಿಸಿ ನೋಡಲು ಬರುತ್ತದೆ. ಡೋಸ್ ಬದಲಾದ ಹತ್ತೇ ದಿನಕ್ಕೆ ಮತ್ತೆ ಚೆಕ್ ಮಾಡಿ ಅಂತ ಬರುವವರೂ ಇದ್ದಾರೆ. ಥೈರಾಕ್ಸಿನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು, ಎಲ್ಲ ಒಂದು ಹದಕ್ಕೆ ಬರಲು 6 ವಾರವಾದರೂ ಬೇಕು. ಬೇಗ ಮಾಡಿಸಿದರೆ ದುಡ್ಡು ದಂಡ.

ಗುಳಿಗೆ ತಗೊಂಡರೂ ಟಿಎಸ್‌ಎಚ್ ಇಳಿಯದಿದ್ದರೆ ನಾನು ಮೊದಲು ಕೇಳುವುದು ಚಹಾದ ಬಗ್ಗೆ. ನಮ್ಮ ಕಡೆ ಕಣ್ಣು ಬಿಟ್ಟ ಕೂಡಲೇ ಚಹಾ ಬೇಕು, ಗುಳಿಗೆಯೂ ಅದರ ಜೊತೆಗೇ ಹೋಗಿಬಿಡುತ್ತದೆ, ಆಗ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ನೀರಿನ ಜೊತೆ ತಗೊಂಡು ಅರ್ಧ ತಾಸಿನಿಂದ ಒಂದು ತಾಸು ಬಿಟ್ಟು ಚಹಾ ಕುಡಿಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗೆ 4 ತಾಸು ಅಂತರ ಬೇಕು. ಬಸುರಿಯರಿಗೆ ಇದನ್ನು ಎರಡೆರಡು ಸಲ ಹೇಳುತ್ತೇನೆ, ಮೊದಲ ತಿಂಗಳುಗಳಲ್ಲಿ ಹೊಟ್ಟೆಯ ಕೂಸು ತಾಯಿಯ ಥೈರಾಕ್ಸಿನ್ ಮೇಲೇ ಬೆಳೆಯುತ್ತದೆ.

ಒಂದು ಸಲ ಕಾಲೇಜು ಹುಡುಗಿಯ ರಿಪೋರ್ಟ್‌ನಲ್ಲಿ ಟಿಎಸ್‌ಎಚ್ ತೀರಾ ಕಡಿಮೆ, ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) ಜಾಸ್ತಿ ಬಂತು. ಕಾಗದದ ಮೇಲೆ ಥೈರಾಯ್ಡ್ ಅತಿಯಾದವರ ರಿಪೋರ್ಟ್ ಅದು. ಆದರೆ ಹುಡುಗಿ ಆರಾಮ ಕೂತಿದ್ದಾಳೆ. ಕೈ ನಡುಕ ಇಲ್ಲ, ಬೆವರಿಲ್ಲ, ತೂಕ ಇಳಿದಿಲ್ಲ. "ತಂಗಿ, ಕೂದಲಿಗೆ ಏನಾದರೂ ಗುಳಿಗೆ ತಗೋತೀಯಾ?" ಅಂದೆ. ಬ್ಯಾಗ್‌ನಿಂದ ಡಬ್ಬಿ ತೆಗೆದಳು, ಬಯೋಟಿನ್ ಅನ್ನುವ ವಿಟಮಿನ್. ಕೆಲವು ಮಶೀನುಗಳ ಕಿಟ್‌ನಲ್ಲಿ ಬಯೋಟಿನ್ನೇ ಅಂಟಿನ ಕೆಲಸ ಮಾಡುತ್ತದೆ, ರಕ್ತದಲ್ಲೂ ಅದು ತುಂಬಿದ್ದರೆ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಜಾಸ್ತಿ ತೋರಿಸುತ್ತದೆ. ನಮ್ಮ ಪೆಥಾಲಜಿ ಡಾಕ್ಟರಿಗೆ ಹೇಳಿದೆ. ಗುಳಿಗೆ ಕೆಲವು ದಿನ ನಿಲ್ಲಿಸಿ ಮತ್ತೆ ಮಾಡಿದಾಗ ಎರಡೂ ನಾರ್ಮಲ್. ಈಗ ರಕ್ತ ತೆಗೆಯುವ ಮೊದಲೇ ಕೇಳಿ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಮುದ್ದೇಬಿಹಾಳ ಕಡೆಯ ಒಬ್ಬ ತಾಯಿ. ಬೇಸಿಗೆಯಲ್ಲೂ ಚಾದರ ಹೊದ್ದು ಬಂದಿದ್ದರು. ಮುಖ ಬಿಳಿಚಿತ್ತು, ಮಾತು ನಿಧಾನ. ಟಿಎಸ್‌ಎಚ್ ನೋಡಿದರೆ ನಾರ್ಮಲ್, ಆದರೆ ಫ್ರೀ ಟಿ4 ಬಹಳ ಕಡಿಮೆ. ಮಶೀನು ಸರಿ ಇದೆಯಾ ಅಂತ ನೋಡುವ ಕಂಟ್ರೋಲ್ ಸರಿ ಇತ್ತು, ಮತ್ತೆ ಹಾಕಿದೆ, ಅದೇ ಬಂತು. ಟಿ4 ಅಷ್ಟು ಇಳಿದಾಗ ಟಿಎಸ್‌ಎಚ್ ಏರಲೇಬೇಕಿತ್ತು. ನೀರಿಲ್ಲ, ಆದರೂ ಒದರುತ್ತಿಲ್ಲ ಅಂದರೆ ಒದರುವವನಿಗೇ ಏನೋ ಆಗಿದೆ. ಕೂಡಿಸಿ ಕೇಳಿದೆ. ಕೊನೆಯ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿತ್ತು, ಎದೆಹಾಲು ಬರಲೇ ಇಲ್ಲ, ಮುಟ್ಟೂ ತಿರುಗಿ ಬಂದಿರಲಿಲ್ಲ. ಬಸುರಿನಲ್ಲಿ ಪಿಟ್ಯುಟರಿ ದೊಡ್ಡದಾಗಿರುತ್ತದೆ, ಹೆರಿಗೆಯಲ್ಲಿ ರಕ್ತ ಹೋಗಿ ಬಿಪಿ ಬಿದ್ದರೆ ಅದಕ್ಕೆ ರಕ್ತ ಸಾಲದೆ ಒಂದಷ್ಟು ಭಾಗ ಸತ್ತುಹೋಗುತ್ತದೆ. ಶೀಹಾನ್ ಸಿಂಡ್ರೋಮ್ ಅನ್ನುತ್ತಾರೆ.

ಎಲ್ಲವನ್ನೂ ಡಾಕ್ಟರಿಗೆ ಫೋನಿನಲ್ಲಿ ಹೇಳಿದೆ. ಮರುದಿನ ಬೆಳಿಗ್ಗೆ 8ಕ್ಕೆ ಕಾರ್ಟಿಸಾಲ್‌ಗೆ ರಕ್ತ ತೆಗೆಯಲು ಹೇಳಿದರು. ಅದೂ ಪಿಟ್ಯುಟರಿ ಹೇಳಿದಂತೆ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ಬಿಡುವ ಹಾರ್ಮೋನ್. ಕಾರ್ಟಿಸಾಲ್ ಹೆಚ್ಚಿರುವುದೇ ಆ ಹೊತ್ತಿಗೆ, ಅವರಲ್ಲಿ ಆಗಲೂ ತಳ ಹಿಡಿದಿತ್ತು. ಡಾಕ್ಟರ್ ಮೊದಲು ಕಾರ್ಟಿಸಾಲ್ ಬದಲಿಗೆ ಸ್ಟಿರಾಯ್ಡ್ ಗುಳಿಗೆ ಶುರು ಮಾಡಿ, ಆಮೇಲೆ ಥೈರಾಕ್ಸಿನ್ ಕೊಟ್ಟರು. ಈ ಕ್ರಮ ತಪ್ಪಬಾರದು. ಥೈರಾಕ್ಸಿನ್ ಮೊದಲೇ ಕೊಟ್ಟರೆ ಇದ್ದಬದ್ದ ಕಾರ್ಟಿಸಾಲೂ ಬೇಗ ಖರ್ಚಾಗಿ ಜೀವಕ್ಕೇ ಕುತ್ತು ಬರಬಹುದು.

ಪ್ಯಾಕೇಜ್ ಟೆಸ್ಟ್‌ಗಳಲ್ಲಿ ಎಷ್ಟೋ ಸಲ ಟಿಎಸ್‌ಎಚ್ ಒಂದೇ ಇರುತ್ತದೆ. ಹೆಚ್ಚಿನವರಿಗೆ ಅಷ್ಟು ಸಾಕು. ಆದರೆ ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿತ್ತು, ಆಮೇಲಿಂದ ಮೈಯಲ್ಲಿ ಶಕ್ತಿಯೇ ಇಲ್ಲ ಅಂತ ಯಾರಾದರೂ ಹೇಳಿದರೆ, ಫ್ರೀ ಟಿ4 ಸೇರಿಸೋಣವಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿಯೇ ಟ್ಯೂಬ್ ಮೇಲೆ ಹೆಸರು ಬರೆಯುತ್ತೇನೆ.