ಕಾರ್ನರ್, ಫ್ರೀಕಿಕ್‌ನಲ್ಲಿ ಗೋಲ್ ಹೊಡೆಯೋದು ಹೇಗೆ? ಮೊದ್ಲು ಜಾಗ, ಆಮೇಲೆ ಕಿಕ್

2018ರ ಫುಟ್‌ಬಾಲ್ ವರ್ಲ್ಡ್ ಕಪ್‌ನಲ್ಲಿ ಇಂಗ್ಲೆಂಡ್ ಸೆಮಿಫೈನಲ್ ತನಕ ಹೋಯ್ತಲ್ಲ, ಆ ಟೂರ್ನಿಯಲ್ಲಿ ಅವ್ರು ಹೊಡೆದಿದ್ದು ಒಟ್ಟು 12 ಗೋಲು, ಅದ್ರಲ್ಲಿ 9 ಬಂದಿದ್ದು ಆಟ ನಿಲ್ಲಿಸಿ ನೆಲದ ಮೇಲಿಟ್ಟು ಒದೆಯೋ, ಅಂದ್ರೆ ನಿಂತ ಬಾಲ್‌ನಿಂದ. ಮೂರು ಪೆನಾಲ್ಟಿ, ನಾಲ್ಕು ಕಾರ್ನರ್ (ಮೈದಾನದ ಮೂಲೆಯಿಂದ ಒದೆಯೋದು), ಎರಡು ಫ್ರೀಕಿಕ್ (ಎದುರಾಳಿ ತಪ್ಪು ಮಾಡಿದಾಗ ಸಿಗೋದು). ಕೋಚ್ ಗ್ಯಾರೆತ್ ಸೌತ್‌ಗೇಟ್ ಅಮೆರಿಕಕ್ಕೆ ಹೋಗಿ ಬ್ಯಾಸ್ಕೆಟ್‌ಬಾಲ್ ಟೀಮ್‌ಗಳನ್ನ ನೋಡ್ಕೊಂಡು ಬಂದಿದ್ರು, ಇಕ್ಕಟ್ಟಾದ ಜಾಗದಲ್ಲಿ ಒಬ್ಬ ಇನ್ನೊಬ್ಬನಿಗೆ ಹೇಗೆ ದಾರಿ ಬಿಡಿಸಿಕೊಡ್ತಾನೆ ಅನ್ನೋದನ್ನ ಕಲಿಯೋಕೆ. ನಾವೆಲ್ಲ ಯಾವಾಗ್ಲೂ ಒದೆಯೋನ ಕಾಲು ನೋಡ್ತೀವಿ, ಆದ್ರೆ ಗೋಲು ಹುಟ್ಟೋದು ಗೋಲ್ ಮುಂದಿನ ಬಾಕ್ಸ್ ಒಳಗೆ ಯಾರೋ ಒಬ್ಬ ಖಾಲಿ ಜಾಗ ಮಾಡಿದಾಗ. ಇದೊಂದು ತಲೇಲಿ ಇಟ್ಕೊಂಡು ಮುಂದೆ ಓದಿ.

ಮೊದ್ಲು ರೂಲ್ಸ್

ಕಾರ್ನರ್‌ನಿಂದ ನೇರವಾಗಿ ಬರೋ ಬಾಲ್‌ಗೆ ಆಫ್‌ಸೈಡ್ (ಡಿಫೆಂಡರ್‌ಗಳನ್ನ ದಾಟಿ ಗೋಲ್ ಹತ್ರ ನಿಂತು ಬಾಲ್ ಪಡೆಯೋ ತಪ್ಪು) ಇಲ್ಲ, ಹಾಗಾಗಿ ನಿಮ್ಮವನೊಬ್ಬ ಕೀಪರ್ ಮುಂದೇನೇ ನಿಂತ್ಕೋಬಹುದು. ಫ್ರೀಕಿಕ್‌ಗೆ ಆಫ್‌ಸೈಡ್ ಇದೆ. ರೆಫ್ರಿ ಕೈ ಮೇಲೆತ್ತಿ ನಿಂತಿದ್ರೆ ಅದು ಇಂಡೈರೆಕ್ಟ್, ಇನ್ನೊಬ್ಬ ಮುಟ್ಟದೆ ಗೋಲ್ ಆಗಲ್ಲ. ಎದುರಾಳಿಗಳು 9.15 ಮೀಟರ್ ದೂರ ನಿಲ್ಬೇಕು. 2019ರಿಂದ ಇನ್ನೊಂದು ರೂಲ್ ಬಂದಿದೆ, ಫ್ರೀಕಿಕ್ ತಡೆಯೋಕೆ ಎದುರಾಳಿಗಳು ಸಾಲಾಗಿ ನಿಲ್ಲೋ ವಾಲ್‌ನಲ್ಲಿ ಮೂರು ಅಥವಾ ಜಾಸ್ತಿ ಜನ ಇದ್ರೆ ಅಟ್ಯಾಕ್ ಮಾಡೋರು ಅದರಿಂದ ಒಂದು ಮೀಟರ್ ದೂರ ಇರ್ಬೇಕು, ಮುಂಚಿನ ಹಾಗೆ ನಡುವೆ ನುಗ್ಗಿ ತಳ್ಳಾಡೋ ಹಾಗಿಲ್ಲ.

ಕಾರ್ನರ್: ಸಾಲಾಗಿ ನಿಲ್ಲಿ, ಒಡೆದು ಓಡಿ

ನೂರು ಕಾರ್ನರ್ ಸಿಕ್ರೆ ಗೋಲ್ ಆಗೋದು ಹೆಚ್ಚುಕಮ್ಮಿ ಮೂರ್ನಾಲ್ಕು. ಸುಮ್ನೆ ಎತ್ತಿ ಒಳಗೆ ಹಾಕಿ ಯಾರಾದ್ರೂ ತಲೆ ಕೊಡ್ಲಿ ಅಂದ್ರೆ ಆಗಲ್ಲ.

ಇಂಗ್ಲೆಂಡ್‌ನವ್ರು ಮಾಡಿದ್ದು ಇಷ್ಟೇ, ನಾಲ್ಕೈದು ಜನ ಪೆನಾಲ್ಟಿ ಸ್ಪಾಟ್ ಹತ್ರ ರೈಲು ಬೋಗಿ ಥರ ಒಬ್ಬರ ಹಿಂದೆ ಒಬ್ಬರು ಅಂಟ್ಕೊಂಡು ನಿಲ್ಲೋದು, ಬಾಲ್ ಒದೀತಿದ್ದ ಹಾಗೆ ಒಬ್ಬ ಫಸ್ಟ್ ಪೋಸ್ಟ್‌ಗೆ (ಹತ್ತಿರದ ಗೋಲ್ ಕಂಬ), ಒಬ್ಬ ಸೆಕೆಂಡ್ ಪೋಸ್ಟ್‌ಗೆ (ದೂರದ ಕಂಬ), ಇನ್ನೊಬ್ಬ ಕೀಪರ್ ಕಡೆಗೆ ಸಿಡಿದು ಓಡೋದು. ಮಾರ್ಕ್ ಮಾಡೋನಿಗೆ, ಅಂದ್ರೆ ಬೆನ್ನ ಹಿಂದೇ ಕಾವಲಿರೋ ಎದುರಾಳಿಗೆ, ತನ್ನ ಆಳು ಯಾವ ಕಡೆ ಹೋದ ಅಂತ ಗೊತ್ತಾಗೋ ಅಷ್ಟ್ರಲ್ಲಿ ಅರ್ಧ ಸೆಕೆಂಡ್ ಹೋಗಿರುತ್ತೆ. ಹೆಡರ್‌ಗೆ ಅಷ್ಟು ಸಾಕು.

ಇನ್ನೊಂದು ದಾರಿ ಬ್ಲಾಕ್, ಅಂದ್ರೆ ಮಾರ್ಕ್ ಮಾಡೋನ ದಾರಿಯಲ್ಲಿ ನಿಮ್ಮವರು ನಿಂತಿರೋದು. 2014ರ ವರ್ಲ್ಡ್ ಕಪ್ ಸೆಮಿಫೈನಲ್, ಬ್ರೆಜಿಲ್ 1, ಜರ್ಮನಿ 7. ಅವತ್ತಿನ ಮೊದಲ ಗೋಲು ನೆನಪಿದ್ಯಾ? 11ನೇ ನಿಮಿಷ, ಜರ್ಮನಿಯ ಟೋನಿ ಕ್ರೂಸ್ ಕಾರ್ನರ್, ಥಾಮಸ್ ಮುಲ್ಲರ್ ಸೆಕೆಂಡ್ ಪೋಸ್ಟ್ ಕಡೆ ಒಬ್ಬನೇ ನಿಂತು ಒದ್ದ. ಅವನನ್ನ ಹಿಂಬಾಲಿಸ್ತಿದ್ದ ಬ್ರೆಜಿಲ್‌ನ ಡೇವಿಡ್ ಲೂಯಿಜ್ ಗುಂಪಲ್ಲಿ ಸಿಕ್ಕಿಹಾಕಿಕೊಂಡ, ಆ ಇಡೀ ಮ್ಯಾಚ್‌ನ ಕಥೆ ಶುರುವಾಗಿದ್ದೇ ಆ ಒಂದು ತಡೆಯಿಂದ. ಆದ್ರೆ ಹುಷಾರು, ನೀವು ಮೊದಲೇ ಹಿಡಿದ ಜಾಗದಲ್ಲಿ ನಿಂತಿರೋದು ತಪ್ಪಲ್ಲ, ಬೇಕಂತ ಎದುರಾಳಿಯ ದಾರಿಗೆ ಅಡ್ಡ ನುಗ್ಗಿದ್ರೆ ಫೌಲ್. ಕೈ ಹಾಕಿ ಶರ್ಟ್ ಹಿಡಿದ್ರಂತೂ ಈಗ ವಿಎಆರ್ (ವಿಡಿಯೋ ನೋಡಿ ಹೇಳೋ ರೆಫ್ರಿ) ಬಿಡಲ್ಲ.

ಮೂರನೇದು ಎರಡನೇ ಬಾಲ್. 2018ರಲ್ಲಿ ಟ್ಯುನೀಷಿಯಾ ಮೇಲೆ ಹ್ಯಾರಿ ಕೇನ್ ಹೊಡೆದ ಎರಡೂ ಗೋಲು ಕಾರ್ನರ್‌ನಿಂದ್ಲೇ ಬಂದಿದ್ದು, ಆದ್ರೆ ಕಾರ್ನರ್ ಬಾಲ್‌ಗೆ ಮೊದಲು ತಲೆ ಕೊಟ್ಟಿದ್ದು ಎರಡು ಸಲನೂ ಅವನಲ್ಲ. ಮೊದಲ್ನೇದ್ರಲ್ಲಿ ಸ್ಟೋನ್ಸ್ ಹೆಡರ್ ಕೀಪರ್ ತಡೆದ, ರಿಬೌಂಡ್ ಕೇನ್ ಕಾಲಿಗೆ ಬಂತು. ಇಂಜುರಿ ಟೈಮ್‌ನಲ್ಲಿ ಮ್ಯಾಗ್ವೈರ್ ತಲೆಯಿಂದ ಫ್ಲಿಕ್ ಮಾಡಿದ, ಸೆಕೆಂಡ್ ಪೋಸ್ಟ್‌ನಲ್ಲಿ ಯಾರೂ ಕೇಳೋರಿಲ್ದೆ ಕೇನ್ ನಿಂತಿದ್ದ. ನಿಮ್ಮ ಟೀಮಲ್ಲಿ ಹಾರದೇ ಸುಮ್ನೆ ಕಾಯ್ಕೊಂಡು ನಿಲ್ಲೋನು ಒಬ್ಬ ಇರ್ಲೇಬೇಕು.

ಎತ್ತರದವರು ಇಲ್ಲ ಅಂತ ಕೈ ಬಿಡ್ಬೇಡಿ. 2023ರ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್) ಚಾಂಪಿಯನ್‌ಶಿಪ್, ನಮ್ಮ ಬೆಂಗಳೂರಿನ ಕಂಠೀರವದಲ್ಲೇ ಕುವೈತ್ ವಿರುದ್ಧ ಅನಿರುದ್ಧ್ ಥಾಪಾ ಕಾರ್ನರ್ ಹಾಕಿದಾಗ ಸುನಿಲ್ ಛೆಟ್ರಿ ತಲೆ ಕೊಡ್ಲಿಲ್ಲ, ಖಾಲಿ ಜಾಗ ಹುಡುಕಿಕೊಂಡು ಬಾಲ್ ನೆಲಕ್ಕೆ ಬೀಳೋ ಮುಂಚೆ ವಾಲಿ ಹೊಡೆದ.

(ಕಾರ್ನರ್‌ನಿಂದ ನೇರ ಗೋಲ್ ಕೂಡ ಆಗುತ್ತೆ. 1962ರಲ್ಲಿ ಕೊಲಂಬಿಯಾದ ಮಾರ್ಕೋಸ್ ಕೋಲ್ ಸೋವಿಯತ್ ಟೀಮ್ ಮೇಲೆ ಹೊಡೆದ, ಗೋಲಲ್ಲಿ ಇದ್ದಿದ್ದು ಆ ಕಾಲದ ದೊಡ್ಡ ಕೀಪರ್ ಲೆವ್ ಯಾಶಿನ್! ಪುರುಷರ ವರ್ಲ್ಡ್ ಕಪ್‌ನಲ್ಲಿ ಅಂಥದ್ದು ಅದೊಂದೇ, ಹಾಗಾಗಿ ಅದನ್ನ ನಂಬಿಕೊಂಡು ಪ್ಲಾನ್ ಮಾಡೋದು ಬೇಡ.)

ಫ್ರೀಕಿಕ್: ತಿರುಗಿಸೋದಾ, ನಡುಗಿಸೋದಾ, ಮೋಸ ಮಾಡೋದಾ

ತಿರುಗಿಸೋಕೆ ಪಾದದ ಒಳಭಾಗದಿಂದ ಬಾಲ್‌ನ ಮಧ್ಯಕ್ಕಲ್ಲ, ಸ್ವಲ್ಪ ಪಕ್ಕಕ್ಕೆ ಮತ್ತು ಕೆಳಗೆ ಹೊಡೀಬೇಕು, ನಿಂತ ಕಾಲು ಬಾಲ್ ಪಕ್ಕದಲ್ಲೇ ಇರ್ಲಿ. ಬಾಲ್ ಸುತ್ತುವಾಗ ಒಂದು ಕಡೆ ಗಾಳಿ ಜೋರಾಗಿ, ಇನ್ನೊಂದು ಕಡೆ ನಿಧಾನಕ್ಕೆ ಹರಿಯುತ್ತೆ, ಆ ವ್ಯತ್ಯಾಸವೇ ಅದನ್ನ ಬಾಗಿಸೋದು, ಮ್ಯಾಗ್ನಸ್ ಎಫೆಕ್ಟ್ ಅಂತಾರಲ್ಲ ಅದು. 1997ರಲ್ಲಿ ಲಿಯೋನ್‌ನಲ್ಲಿ ಬ್ರೆಜಿಲ್‌ನ ರಾಬರ್ಟೊ ಕಾರ್ಲೋಸ್ ಸುಮಾರು 35 ಮೀಟರ್‌ನಿಂದ ಕಾಲಿನ ಹೊರಭಾಗದಲ್ಲಿ ಹೊಡೆದಿದ್ದು ಇದೇ ಲೆಕ್ಕ, ಫ್ರಾನ್ಸ್ ಕೀಪರ್ ಬಾರ್ತೇಜ್ ಕದಲ್ಲೇ ಇಲ್ಲ.

ನಡುಗಿಸೋಕೆ ಉಲ್ಟಾ. ಸರಿಯಾಗಿ ಮಧ್ಯಕ್ಕೆ, ಗಟ್ಟಿಯಾಗಿ, ಸ್ಪಿನ್ನೇ ಬರದ ಹಾಗೆ ಹೊಡೆದು ಕಾಲನ್ನ ತಕ್ಷಣ ನಿಲ್ಲಿಸ್ಬೇಕು. 2010ರಲ್ಲಿ ಡೆನ್ಮಾರ್ಕ್ ಮೇಲೆ ಜಪಾನ್‌ನ ಹೋಂಡಾ ಹೊಡೆದ ಗೋಲು ಸಿಕ್ರೆ ನಿಧಾನಕ್ಕೆ ನೋಡಿ, ಬಾಲ್ ಗಾಳಿಯಲ್ಲಿ ಅಲುಗಾಡ್ಕೊಂಡು ಬರುತ್ತೆ.

ಮೂರನೇದು ನಂಗೆ ತುಂಬಾ ಇಷ್ಟ. 2022ರ ವರ್ಲ್ಡ್ ಕಪ್ ಕ್ವಾರ್ಟರ್‌ಫೈನಲ್, ಅರ್ಜೆಂಟೀನಾ 2-1 ಮುಂದಿದೆ, ಇಂಜುರಿ ಟೈಮ್‌ನ 11ನೇ ನಿಮಿಷ, ಬಾಕ್ಸ್ ಹೊರಗೆ ನೆದರ್‌ಲ್ಯಾಂಡ್ಸ್‌ಗೆ ಫ್ರೀಕಿಕ್. ಕೊನೇ ಚಾನ್ಸ್, ನೇರ ಹೊಡೀತಾರೆ ಅಂತ ಇಡೀ ಸ್ಟೇಡಿಯಂ ಅಂದ್ಕೊಂಡಿದೆ. ಕೂಪ್‌ಮೈನರ್ಸ್ ನೆಲದ ಮೇಲೆ ಮೆಲ್ಲಗೆ ವಾಲ್ ಪಕ್ಕ ಪಾಸ್ ಕೊಟ್ಟ, ವೆಗ್‌ಹೋರ್ಸ್ಟ್ ಬೆನ್ನ ಮೇಲೆ ಡಿಫೆಂಡರ್‌ನ ಇಟ್ಕೊಂಡೇ ತಿರುಗಿ ಗೋಲ್ ಹೊಡೆದ. ಕೊನೆಗೆ ಪೆನಾಲ್ಟಿಯಲ್ಲಿ ಅರ್ಜೆಂಟೀನಾನೇ ಗೆದ್ದಿದ್ದು, ಆದ್ರೆ ಅಂಥಾ ಟೈಮಲ್ಲಿ ಆ ಪಾಸ್ ಕೊಡೋಕೆ ಎಷ್ಟು ಧೈರ್ಯ ಬೇಕು ಯೋಚನೆ ಮಾಡಿ! ಎಲ್ಲರೂ ವಾಲ್ ಮೇಲಿನ ದಾರಿ ಕಾಯ್ತಿದ್ರು, ಪಕ್ಕದ ಜಾಗ ಖಾಲಿ ಬಿದ್ದಿತ್ತು. ಆ್ಯಂಗಲ್ ಸರಿ ಇಲ್ದಿದ್ರೆ 2018ರಲ್ಲಿ ಸ್ವೀಡನ್ ಮೇಲೆ ಕ್ರೂಸ್ ಮಾಡಿದ ಹಾಗೆ ಪಕ್ಕದವನಿಗೆ ಒಂದು ಟಚ್ ಕೊಟ್ಟು ಆ್ಯಂಗಲ್ ಬದಲಾಯಿಸಿಕೊಂಡು ಹೊಡೀರಿ.

ಒದೆಯೋ ಮುಂಚೆ ಹಿಂದೆ ತಿರುಗಿ ನೋಡಿ

ಇದನ್ನ ಎಷ್ಟೋ ಟೀಮ್ ಮರೀತವೆ. ಎಲ್ಲರೂ ಬಾಕ್ಸ್‌ಗೆ ನುಗ್ಗಿದ್ರೆ ಹಿಂದೆ ಯಾರು? ಇಬ್ಬರೋ ಮೂವರೋ ಹಿಂದೆ ಇರ್ಲೇಬೇಕು, ಬಾಕ್ಸ್ ಅಂಚಲ್ಲಿ ಒಬ್ಬ ನಿಂತು ಕ್ಲಿಯರ್ ಆದ ಬಾಲ್ ಹಿಡೀಬೇಕು, ಕೀಪರ್ ಕೈಗೆ ಬಾಲ್ ಹೋಯ್ತು ಅಂದ್ರೆ ಹತ್ರ ಇರೋನು ಥ್ರೋ ಆಗೋ ದಾರಿಗೆ ಓಡ್ಬೇಕು. 2018ರ ಜುಲೈ 2, ರೊಸ್ಟೊವ್, ಜಪಾನ್ ಬೆಲ್ಜಿಯಂ 2-2, ಇಂಜುರಿ ಟೈಮ್‌ನ ಕೊನೇ ಗಳಿಗೆ, ಜಪಾನ್‌ಗೆ ಕಾರ್ನರ್. ಒದೆಯೋಕೆ ಬಂದಿದ್ದು ಅದೇ ಹೋಂಡಾ. ಬಾಲ್ ಸೀದಾ ಕೀಪರ್ ಕೂರ್ಟ್ವಾ ಕೈಗೆ ಹೋಯ್ತು, ಅವನು ಡಿ ಬ್ರೂಯ್ನೆಗೆ ಉರುಳಿಸಿದ, ಡಿ ಬ್ರೂಯ್ನೆ ಅರ್ಧ ಮೈದಾನ ಓಡಿ ಮುನಿಯೆಗೆ ಕೊಟ್ಟ, ಮುನಿಯೆ ಒಳಗೆ ಹಾಕಿದ, ಲುಕಾಕು ಮುಟ್ಟದೆ ಬಿಟ್ಟ, ಶಾಡ್ಲಿ ಒದ್ದ. ಹತ್ತು ಸೆಕೆಂಡ್ ಅಷ್ಟೇ. ಜಪಾನ್ ಮನೆಗೆ ಹೋಯ್ತು.